ಅಣ್ಣನ ಹೆಬ್ಬೆಟ್ಟು ಹೊತ್ತು ಬಾಸ್ಟನ್ನಿಗೆ

ಹೊಳಲ್ಕೆರೆ, ಹೊರಡುವ ಮೊದಲು

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಅಲ್ಲಿಯ ರಸ್ತೆಗಳನ್ನು ಹೊಗಳುತ್ತಾರೆ. ನನ್ನಿಂದ ಅದನ್ನು ನಿರೀಕ್ಷಿಸಬೇಡಿ. ನಾಲ್ಕು ವಾರ ಅಲ್ಲಿದ್ದೆ, ನಾಲ್ಕು ವಾರವೂ ಸಿಡಿಮಿಡಿಗುಟ್ಟುತ್ತಲೇ ಇದ್ದೆ. ಅಲ್ಲಿಯವರ ಮೇಲೆ ಸ್ವಲ್ಪ, ನಮ್ಮವರ ಮೇಲೆ ಬಹಳ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆಯೇ. ಯಾಕೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಬರೀ ಗೊಣಗಾಟದಂತೆ ಕಾಣುತ್ತದೆ.

ನಾನು ಹೊಳಲ್ಕೆರೆಯ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದವಳು. ಹುಟ್ಟಿದ್ದು ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಹತ್ತಿರ, ಕುರಿ ಸಾಕುವ ಮನೆಯಲ್ಲಿ. ನನ್ನನ್ನು ಓದಿಸಿದ್ದು ಅಪ್ಪನಲ್ಲ, ಅಣ್ಣ ಚಿತ್ತಯ್ಯ. ಅವನು ಶಾಲೆಯ ಮುಖ ಕಂಡವನಲ್ಲ. ಕುರಿ ಕಾದು ನನ್ನನ್ನು ಎಂಎಸ್‌ಸಿ ಮಾಡಿಸಿದ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿರಬೇಕು, ಅವನಿಗೆ ತಲೆನೋವು ಶುರುವಾಯಿತು. ಆಮೇಲೆ ಬಲಗೈಯಲ್ಲಿ ಹಿಡಿದ ಕೋಲು ಜಾರಿ ಬೀಳತೊಡಗಿತು. ಚಿತ್ರದುರ್ಗದಲ್ಲಿ ತೋರಿಸಿದೆವು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಮಿದುಳಿನಲ್ಲಿ ಗಡ್ಡೆ. ತಲೆ ತೆರೆದು ತೆಗೆಯಲಾಗುವಷ್ಟು ತೆಗೆಯುತ್ತೇವೆ, ಉಳಿದದ್ದಕ್ಕೆ ಕರೆಂಟು, ಅಂದರೆ ವಿಕಿರಣ, ಕೊಡುತ್ತೇವೆ, ತಡ ಮಾಡಬೇಡಿ ಎಂದರು ಡಾಕ್ಟರು.

ಅದೇ ವಾರ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಒಂದು ಲೇಖನ ಬಂತು. ಬಾಸ್ಟನ್ನಿನಲ್ಲಿ ಕೆಲವರು ಕಾಂಡಕೋಶಗಳನ್ನು, ಅಂದರೆ ಮುಂದೆ ಏನಾಗಬೇಕೆಂದು ಇನ್ನೂ ಗೊತ್ತಾಗದ ಎಳೆಯ ಜೀವಕೋಶಗಳನ್ನು, ಮಿದುಳಿಗೆ ಬಿಡುತ್ತಾರಂತೆ. ಅವು ತಾವಾಗಿಯೇ ಗಡ್ಡೆಯನ್ನು ಹುಡುಕಿಕೊಂಡು ಹೋಗುತ್ತವಂತೆ. ಅವುಗಳ ಮೇಲೆ ಮದ್ದು ಹೊರಿಸಿ ಕಳಿಸಿದರೆ ಮದ್ದು ನೇರ ಗಡ್ಡೆಗೇ ತಲುಪುತ್ತದಂತೆ. ಕೊನೆಯ ಪ್ಯಾರಾದಲ್ಲಿ ಇದೆಲ್ಲ ಇಲಿಗಳಲ್ಲಿ ನಡೆದ ಪ್ರಯೋಗ ಎಂದು ಬರೆದಿತ್ತು. ಅದನ್ನು ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿದೆ. ಮಕ್ಕಳು ಪರೀಕ್ಷೆಯಲ್ಲಿ ಬಾರದ ಪ್ರಶ್ನೆಯನ್ನು ಬಿಡುವಂತೆ ಬಿಟ್ಟೆ.

ಊರಿಗೆ ಹೋಗಿ ಕುರಿ ರೊಪ್ಪದ ಮುಂದೆ ಕೂತು ಅಣ್ಣನಿಗೆ ಹೇಳಿದೆ. ಅವನು ಬೀಡಿ ಆರಿಸಿ ಕೇಳಿಸಿಕೊಂಡ.

"ಮರಿ ತಪ್ಪಿಸ್ಕಂಡಾಗ ತಾಯಿ ಕುರಿನ ಬಿಡ್ತೀವಲ್ಲ, ಹಂಗೇನು?"

"ಹೆಚ್ಚುಕಡಿಮೆ ಹಂಗೇ."

"ಹಂಗಾದ್ರೆ ಸರಿಯಾಗೈತೆ. ನಾವು ಹುಡುಕಿದ್ರೆ ಸಿಗಲ್ಲ, ತಾಯಿ ಹೋದ್ರೆ ಸಿಗ್ತೈತೆ. ತಲೆಬುರುಡೆ ಬಿಚ್ಚಾದು ಬ್ಯಾಡ ಅಲ್ವಾ?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಒಂದ್ ತಿಂಗ್ಳು ತಡಿ ಅಣ್ಣ, ನಾನೇ ಹೋಗಿ ಕೇಳ್ಕಂಡ್ ಬರ್ತೀನಿ" ಎಂದೆ. ಜಿಲ್ಲೆಯ ಒಂದು ಸೇವಾ ಸಂಸ್ಥೆಯವರು ಉಪಾಧ್ಯಾಯರ ತಂಡವೊಂದನ್ನು ಆ ದೇಶಕ್ಕೆ ಕಳಿಸುವವರಿದ್ದರು, ಅದರಲ್ಲಿ ನನ್ನ ಹೆಸರು ಆಗಲೇ ಇತ್ತು. ಚಿತ್ರದುರ್ಗದ ಸೈಬರ್ ಸೆಂಟರಿನಲ್ಲಿ ಕೂತು ಆ ಪ್ರಯೋಗಾಲಯಕ್ಕೆ ಇಮೇಲ್ ಕಳಿಸಿದೆ. ನಾನೊಬ್ಬ ಜೀವಶಾಸ್ತ್ರದ ಉಪನ್ಯಾಸಕಿ, ನಿಮ್ಮ ಕೆಲಸ ನೋಡಲು ಬರಬಹುದೇ ಎಂದಷ್ಟೇ ಬರೆದೆ. ಅಣ್ಣನ ವಿಷಯ ಬರೆಯಲಿಲ್ಲ. ಕೆಲಸದ ಮಾತನ್ನು ನಾವು ಕಾಗದದಲ್ಲಿ ಎಲ್ಲಿ ಬರೆಯುತ್ತೇವೆ? ಎದುರು ಕೂತು, ಕಾಫಿ ಕುಡಿದು, ಮಳೆ ಬೆಳೆ ವಿಚಾರಿಸಿದ ಮೇಲೆ ಬಾಯಿ ಬಿಡುತ್ತೇವೆ. ಖಂಡಿತ ಬನ್ನಿ ಎಂದು ಉತ್ತರ ಬಂತು. ನಾನು ಅರ್ಧ ಕೆಲಸ ಆದಂತೆಯೇ ಎಂದುಕೊಂಡೆ.

ಹೊರಡುವ ಹಿಂದಿನ ದಿನ ಅಣ್ಣ ಹೊಳಲ್ಕೆರೆಗೆ ಬಂದ. ಒಂದು ಕಂಬಳಿ ಕೊಟ್ಟ. ಆಮೇಲೆ ಐದು ಬಿಳಿ ಹಾಳೆ ತೆಗೆಸಿ, ಪ್ರತಿಯೊಂದರ ಕೆಳಗೂ ಎಡಗೈ ಹೆಬ್ಬೆಟ್ಟು ಒತ್ತಿದ. "ಅವ್ರು ಏನ್ ಕೇಳ್ತಾರೋ ನೀನೇ ಬರ್ಕಾ" ಎಂದ. ನಮ್ಮ ಮನೆಯಲ್ಲಿ ಬಿಳಿ ಹಾಳೆಗೆ ಹೆಬ್ಬೆಟ್ಟು ಕೊಡುವುದು ಸಣ್ಣ ಮಾತಲ್ಲ. ಕೊಟ್ಟ ಮೇಲೆ ಆ ವಿಷಯ ಹಾಳೆ ಹಿಡಿದವರದ್ದು. ಹಾಳೆ ವಾಪಸು ಬರಬೇಕು ಇಲ್ಲವೇ ಹರಿಯಬೇಕು, ಅಲ್ಲಿಯವರೆಗೆ ಅದೇ ವಿಷಯಕ್ಕೆ ಬೇರೆ ಕಡೆ ಹೆಬ್ಬೆಟ್ಟು ಒತ್ತುವುದಿಲ್ಲ. ನಾನು ಹಾಳೆಗಳನ್ನು ಅವನ ಸ್ಕ್ಯಾನ್ ಫಿಲ್ಮುಗಳ ದೊಡ್ಡ ಲಕೋಟೆಯಲ್ಲಿಟ್ಟುಕೊಂಡೆ.

ವಿಮಾನ ನಿಲ್ದಾಣ

ನಮ್ಮ ತಂಡದ ನಾಯಕರು ಆ ಸೇವಾ ಸಂಸ್ಥೆಯವರೇ ಆದ ಭೀಮಸಮುದ್ರದ ಅಡಿಕೆ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರು. ಅವರ ಕೈಯಲ್ಲಿ ಯಾವಾಗಲೂ ಒಂದು ಪಟ್ಟಿ, ಬಾಯಲ್ಲಿ ಯಾವಾಗಲೂ "ಟೈಮಾತು ನಡೀರಿ". ವಿಮಾನದಲ್ಲಿ ನಾವು ಎದ್ದು ಹೋಗುವ ಜಾಗವೇ ಇರಲಿಲ್ಲ, ಆದರೂ ಎರಡು ಸಲ ಹಾಜರಿ ಕರೆದರು.

ಇಳಿಯುವ ಮೊದಲು ಒಂದು ಫಾರಂ ಕೊಟ್ಟರು. ನೀವು ಇತ್ತೀಚೆಗೆ ಜಾನುವಾರುಗಳ ಹತ್ತಿರ ಇದ್ದಿರಾ ಎಂದು ಅದರಲ್ಲಿ ಒಂದು ಪ್ರಶ್ನೆ. ಮಕ್ಕಳಿಗೆ ಮೂವತ್ತು ವರ್ಷ ನಿಜ ಬರೆಯಿರಿ ಎಂದು ಹೇಳಿಕೊಟ್ಟ ನಾನು ಹೌದು ಎಂದು ಗುರುತು ಹಾಕಿದೆ. ಅಷ್ಟೇ ಆಗಿದ್ದು. ಉಳಿದವರೆಲ್ಲ ಹೊರಗೆ ಹೋದರು, ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು.

"ಎಂಥ ಪ್ರಾಣಿ?" ಎಂದು ಕೇಳಿದ ಕೈಗವಸು ಹಾಕಿದ ಅಧಿಕಾರಿ.

"ಕುರಿ."

"ಎಷ್ಟು?"

ನಮ್ಮಲ್ಲಿ ಮಂದೆಯ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ, ದೃಷ್ಟಿಯಾಗುತ್ತದೆ ಎಂದು. "ಇವೆ ಸುಮಾರು" ಎಂದೆ. ಅವನಿಗೆ ಸಂಶಯ ಬಂತು. ಪೆಟ್ಟಿಗೆ ತೆರೆದು ಕಂಬಳಿ ಹೊರಗೆಳೆದ. ಅಲ್ಲೊಂದು ನಾಯಿ ಇತ್ತು, ಬಾಲ ಅಲ್ಲಾಡಿಸುತ್ತ ಬಂದು ಕಂಬಳಿಯ ಮೇಲೆ ಮಲಗಿಯೇಬಿಟ್ಟಿತು. ಇಡೀ ದೇಶದಲ್ಲಿ ನನ್ನನ್ನು ಮನಸಾರೆ ಬರಮಾಡಿಕೊಂಡ ಮೊದಲ ಜೀವ ಅದು. ಆಮೇಲೆ ನನ್ನ ಚಪ್ಪಲಿಯನ್ನು ಯಾವುದೋ ದ್ರಾವಣದಲ್ಲಿ ಅದ್ದಿ ಕೊಟ್ಟರು. ಅಧಿಕಾರಿ ಲಕೋಟೆಯಿಂದ ಅಣ್ಣನ ಫಿಲ್ಮು ತೆಗೆದು ದೀಪಕ್ಕೆ ಹಿಡಿದ, ಸ್ವಲ್ಪ ಹೊತ್ತು ನೋಡಿದ, ಮೆತ್ತಗೆ ಒಳಗಿಟ್ಟ. ಕಂಬಳಿಯನ್ನೂ ಮಡಚಿ ಕೊಟ್ಟ. ಅಷ್ಟು ಹೊತ್ತು ಅವನ ಮೇಲಿದ್ದ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ನನಗೆ ತಿಳಿಯಲಿಲ್ಲ.

ಹೊರಗೆ ಮಲ್ಲಿಕಾರ್ಜುನಪ್ಪ ಪಟ್ಟಿ ಹಿಡಿದು ಕುದಿಯುತ್ತಿದ್ದರು. "ಅಲ್ರೀ ಮೇಡಂ, ಇಲ್ಲ ಅಂತ ಒಂದ್ ಟಿಕ್ ಹಾಕಾಕೆ ಏನಾಗಿತ್ರಿ ನಿಮ್ಗೆ?"

ಮಾರ್ಗರೆಟ್ ಮನೆ, ಮೊದಲ ವಾರ

ನನ್ನನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡವರು ಬಾಸ್ಟನ್ನಿಗೆ ಮೂರು ಗಂಟೆ ದೂರದ ಸಣ್ಣ ಊರಿನ ಮಾರ್ಗರೆಟ್. ನನಗಿಂತ ಹತ್ತು ವರ್ಷ ದೊಡ್ಡವರು, ನಿವೃತ್ತ ಲೈಬ್ರರಿಯನ್. ಬಹಳ ಒಳ್ಳೆಯವರು, ಅದೇ ತೊಂದರೆ. ಒಳ್ಳೆಯವರ ಮೇಲೆ ರೇಗುವುದು ಕಷ್ಟ. ಬೆಳಿಗ್ಗೆ ಎದ್ದ ಕೂಡಲೇ ಹೇಗಿದ್ದೀರಿ ಎಂದು ಕೇಳುತ್ತಿದ್ದರು. ಮೊದಲ ದಿನ ನಾನು ಸೊಂಟನೋವಿನಿಂದ ಆರಂಭಿಸಿ ಉತ್ತರ ಹೇಳುತ್ತಿದ್ದರೆ, ಅರ್ಧಕ್ಕೇ ಅವರು ತೋಟಕ್ಕೆ ಹೊರಟುಬಿಟ್ಟರು. ಮತ್ತೆ ಯಾಕೆ ಕೇಳಬೇಕು ಹೇಳಿ?

ಅವರ ನಾಯಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿತ್ತು. ಅವರ ಸ್ವಂತ ಅಣ್ಣ ಎರಡು ಬೀದಿ ಆಚೆ ಇದ್ದ. ಅವನು ಈ ಮನೆಗೆ ಬರಬೇಕಾದರೂ ಫೋನ್ ಮಾಡಿ ದಿನ ಕೇಳುತ್ತಿದ್ದ. ನಾನು ಬಾಯಿ ತೆರೆದು ನೋಡುತ್ತ ಕೂತಿದ್ದೆ.

ದಿನಕ್ಕೊಂದು ಶಾಲೆ, ದಿನಕ್ಕೊಂದು ಸೇವಾ ಕ್ಲಬ್ಬಿನ ಊಟ. ಊಟವೆಂದರೆ ಬ್ರೆಡ್ಡಿನ ನಡುವೆ ಸೊಪ್ಪು. ಊಟ ಆದ ಮೇಲೆ ಮಲ್ಲಿಕಾರ್ಜುನಪ್ಪನವರು ಸ್ಲೈಡು ಹಾಕಿ ದುರ್ಗದ ಕೋಟೆ ತೋರಿಸುತ್ತಿದ್ದರು, ನಾನು ಚಂದ್ರವಳ್ಳಿಯ ಬಗ್ಗೆ ಐದು ನಿಮಿಷ ಮಾತಾಡಬೇಕು. ಗುಹೆ, ಕೆರೆ, ಅಲ್ಲಿ ಅಗೆದಾಗ ಸಿಕ್ಕ ಹಳೆಯ ನಾಣ್ಯ ಎಲ್ಲ ಹೇಳಿ ಮುಗಿಸಿದರೆ ಎಲ್ಲರದ್ದೂ ಒಂದೇ ಪ್ರಶ್ನೆ: ಅಲ್ಲಿ ಹುಲಿ ಇದೆಯಾ? ಮೊದಲೆರಡು ಸಲ ಇಲ್ಲ ಎಂದೆ. ಅವರ ಮುಖ ಬಾಡಿಹೋಗುತ್ತಿತ್ತು. ಮೂರನೆಯ ಸಲ ಕರಡಿ ಇದೆ ಎಂದೆ. ಚಪ್ಪಾಳೆ ಬಿತ್ತು.

ಒಂದು ದಿನ ನಾನು ಕುರಿ ಮನೆಯವಳೆಂದು ಗೊತ್ತಾಗಿ ಮಾರ್ಗರೆಟ್ ಒಂದು ಫಾರ್ಮಿಗೆ ಕರೆದುಕೊಂಡು ಹೋದರು. ಕುರಿಗಳು ಎಮ್ಮೆ ಕರುವಿನಷ್ಟು ದಪ್ಪ. ಸುತ್ತ ತಂತಿ ಬೇಲಿ, ಹಿಂದೆ ಒಬ್ಬ ಮನುಷ್ಯ ಇಲ್ಲ. ಒಂದು ತಪ್ಪಿಸಿಕೊಂಡರೆ ಏನು ಮಾಡುತ್ತೀರಿ ಎಂದು ಆ ರೈತನನ್ನು ಕೇಳಿದೆ. ತಪ್ಪಿಸಿಕೊಳ್ಳುವುದಿಲ್ಲ, ಬೇಲಿ ಇದೆಯಲ್ಲ ಎಂದ. ಅಣ್ಣ ಇದ್ದಿದ್ದರೆ ಅವನಿಗೆ ಎಷ್ಟು ಬೈಯುತ್ತಿದ್ದನೋ ಎಂದುಕೊಂಡೆ.

ಬಾಸ್ಟನ್, ಎರಡನೆಯ ಗುರುವಾರ

ಹಲ್ಲುನೋವು ಎಂದು ಸುಳ್ಳು ಹೇಳಿ ತಂಡದಿಂದ ತಪ್ಪಿಸಿಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಯಾರೂ ಯಾರನ್ನೂ ಯಾವೂರು ಎಂದು ಕೇಳಲಿಲ್ಲ. ನಾನು ಲಕೋಟೆಯಿಂದ ಒಂದು ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮತ್ತೋಡು ಹೋಬಳಿಯ ವಾಸಿ ಚಿತ್ತಯ್ಯನಾದ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಮ್ಮ ಕಾಂಡಕೋಶ ಚಿಕಿತ್ಸೆಗೆ ನನ್ನ ಹೆಸರನ್ನು ದಯವಿಟ್ಟು ಸೇರಿಸಿಕೊಳ್ಳಬೇಕು. ಕೆಳಗೆ ತಮ್ಮ ವಿಶ್ವಾಸಿ. ಅದರ ಕೆಳಗೆ ಅಣ್ಣನ ಹೆಬ್ಬೆಟ್ಟು. ಎರಡು ಸಲ ಓದಿಕೊಂಡೆ, ಒಂದು ತಪ್ಪೂ ಇರಲಿಲ್ಲ.

ಪ್ರಯೋಗಾಲಯದ ಎಲೆನ್ ನಲವತ್ತರ ಹೆಂಗಸು, ಕೂದಲು ಕೆದರಿಕೊಂಡು ಓಡಾಡುವವರು. ಮಾತಿಗೆ ಮುಂಚೆ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಇಲಿಯ ಮಿದುಳಿನ ತೆಳ್ಳನೆಯ ಚೂರು. ಗಡ್ಡೆಯ ಕೋಶಗಳಿಗೆ ಹಸಿರು ಬಣ್ಣ, ಕಾಂಡಕೋಶಗಳಿಗೆ ನೀಲಿ. ನೀಲಿಯನ್ನು ಮಿದುಳಿನ ಆ ಬದಿಯಲ್ಲಿ ಬಿಟ್ಟಿದ್ದರಂತೆ, ಅವು ಈ ಬದಿಗೆ ನಡೆದು ಬಂದು ಹಸಿರನ್ನು ಮುತ್ತಿಕೊಂಡಿದ್ದವು.

"ಇಲ್ಲಿ ನೋಡಿ" ಎಂದು ಗಾಜನ್ನು ಸ್ವಲ್ಪ ಸರಿಸಿದರು. ಗಡ್ಡೆಯಿಂದ ದೂರ, ಒಂದೇ ಒಂದು ಹಸಿರು ಕೋಶ ಒಂಟಿಯಾಗಿ ಕೂತಿತ್ತು. ಅದರ ಪಕ್ಕದಲ್ಲೂ ಒಂದು ನೀಲಿ. "ಸರ್ಜನ್ ಗಡ್ಡೆ ತೆಗೆಯಬಹುದು. ಹೀಗೆ ದಾರಿ ತಪ್ಪಿ ಹೋದದ್ದನ್ನು ಅವರು ಕಾಣುವುದಿಲ್ಲ. ಇವು ಕಾಣುತ್ತವೆ."

ಮೂವತ್ತು ವರ್ಷ ಜೀವಕೋಶದ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದವಳು ನಾನು. ಅಂಥದ್ದನ್ನು ಎಂದೂ ನೋಡಿರಲಿಲ್ಲ. ನಮ್ಮಣ್ಣ ಇದನ್ನು ಹೇಗೆ ಅರ್ಥಮಾಡಿಕೊಂಡ ಎಂದು ತಾಯಿ ಕುರಿಯ ವಿಷಯ ಹೇಳಿದೆ. ಅವರು ಬಹಳ ಖುಷಿಯಿಂದ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಒಂದು ತಿದ್ದುಪಡಿ ಹೇಳಿದರು: ಈ ತಾಯಿ ವಿಷವನ್ನು ಹೊತ್ತುಕೊಂಡು ಹೋಗುವುದಿಲ್ಲ. ಅವಳೊಳಗೆ ಒಂದು ಕಿಣ್ವ ಇಟ್ಟಿರುತ್ತೇವೆ. ಆಮೇಲೆ ಇಡೀ ಮೈಗೆ ನಿರಪಾಯದ ಒಂದು ಮದ್ದು ಕೊಡುತ್ತೇವೆ. ಅವಳು ಎಲ್ಲಿ ನಿಂತಿದ್ದಾಳೋ ಅಲ್ಲಿ ಮಾತ್ರ ಅದು ವಿಷವಾಗುತ್ತದೆ. ಎಷ್ಟು ಚೆನ್ನಾಗಿತ್ತು ಎಂದರೆ ನನಗೆ ನಗು ಬಂತು. ಕಾಫಿಯೂ ಬಂತು. ಇದೇ ಸಮಯ ಎಂದು ಫಿಲ್ಮು, ಅರ್ಜಿ, ಉಳಿದ ನಾಲ್ಕು ಹಾಳೆ ಎಲ್ಲ ಮೇಜಿನ ಮೇಲಿಟ್ಟೆ.

"ಇವು ಏನು?"

"ನಮ್ಮಣ್ಣನ ಒಪ್ಪಿಗೆ. ನಿಮಗೆ ಬೇಕಾದ್ದು ಬರೆದುಕೊಳ್ಳಿ. ಅವನು ಆಗಲೇ ಸಹಿ ಮಾಡಿದ್ದಾನೆ."

ಖಾಲಿ ಹಾಳೆಯ ಕೆಳಗಿನ ನೀಲಿ ಹೆಬ್ಬೆಟ್ಟನ್ನು ನೋಡಿ ಅವರು ಕೈ ಹಿಂದೆಳೆದುಕೊಂಡರು. ಇಂಥದ್ದನ್ನು ನಾನು ಮುಟ್ಟಲೂಬಾರದು ಎಂದರು. ಅರ್ಜಿಯನ್ನು ಮಾತ್ರ ಪೂರ್ತಿ ಓದಿದರು. ಅವರ ಕಣ್ಣು ಒದ್ದೆಯಾಯಿತು, ಅದು ನನಗೆ ಇನ್ನೂ ಸಿಟ್ಟು ತರಿಸಿತು. ಕಣ್ಣೀರು ಯಾರಿಗೆ ಬೇಕಿತ್ತು?

"ಇದು ಇಲಿಗಳಲ್ಲಿ ಮಾತ್ರ ಮಾಡಿದ್ದೇವೆ, ಜಯಮ್ಮ. ಈ ಕೋಶಗಳೇ ಆಮೇಲೆ ಗಡ್ಡೆಯಾಗಿ ಬೆಳೆದರೆ? ಅದು ನಮಗಿನ್ನೂ ಗೊತ್ತಿಲ್ಲ. ಮನುಷ್ಯರಿಗೆ ಕೊಡಲು ಅನುಮತಿ ಬೇಕು, ವರ್ಷಗಳು ಬೇಕು."

"ಎಷ್ಟು ವರ್ಷ?"

"ಐದು ಎಂದರೆ ಸುಳ್ಳು ಹೇಳಿದಂತೆ."

"ಶುರುವಾದಾಗ ಮೊದಲ ಹೆಸರು ನಮ್ಮದು ಬರೆದುಕೊಳ್ಳಿ."

ಅಂಥ ಪಟ್ಟಿಯೇ ಇಲ್ಲ ಎಂದರು. ಫಿಲ್ಮುಗಳನ್ನು ಪಕ್ಕದ ಕೋಣೆಯ ಡಾಕ್ಟರಿಗೆ ತೋರಿಸಿಕೊಂಡು ಬಂದರು. ಬಂದವರೇ, ಆಪರೇಷನ್ ಯಾವಾಗ ಆಯಿತು ಎಂದು ಕೇಳಿದರು.

"ಆಗಿಲ್ಲ. ನಾನು ಬರುವವರೆಗೆ ತಡಿ ಅಂದಿದ್ದೇನೆ."

ಎಲೆನ್ ಎದ್ದು ನಿಂತರು. ಅಷ್ಟು ಹೊತ್ತು ಮೆತ್ತಗೆ ಮಾತಾಡಿದ ಹೆಂಗಸು ಅಕ್ಷರಶಃ ಗದರಿದರು. "ಇವತ್ತೇ ಫೋನ್ ಮಾಡಿ. ನನಗಾಗಿ ಒಂದು ದಿನವೂ ಕಾಯಬೇಡಿ. ನಿಮ್ಮ ಬೆಂಗಳೂರಿನ ಡಾಕ್ಟರು ಹೇಳಿದ್ದು ಸರಿ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ."

ಇಮೇಲಿನಲ್ಲಿ ಅಣ್ಣನ ಬಗ್ಗೆ ಒಂದು ಸಾಲು ಬರೆದಿದ್ದರೆ ಇದೇ ಮಾತು ಚಿತ್ರದುರ್ಗದಲ್ಲೇ ಸಿಗುತ್ತಿತ್ತು. ಬಸ್ಸಿನಲ್ಲಿ ಮೂರು ಗಂಟೆ ಅದನ್ನೇ ಅಂದುಕೊಳ್ಳುತ್ತ ಬಂದೆ. ಥೂ ನನ್ನ ಬುದ್ಧಿಗಿಷ್ಟು!

ಮತ್ತೋಡಿಗೆ ಫೋನು

ಆಗಿನ್ನೂ ನಮ್ಮ ಹಳ್ಳಿಗಳಿಗೆ ಮೊಬೈಲು ಬಂದಿರಲಿಲ್ಲ. ನಮ್ಮವರನ್ನು ಹಿಡಿಯಲು ಇದ್ದದ್ದು ಮತ್ತೋಡಿನ ರುದ್ರಣ್ಣನ ಕಿರಾಣಿ ಅಂಗಡಿಯ ಫೋನು ಒಂದೇ. ಮರುದಿನ ಬೆಳಿಗ್ಗೆ ಏಳಕ್ಕೆ ಮಾರ್ಗರೆಟ್ ಅವರ ಅಡುಗೆಮನೆಯಿಂದ ದುಡ್ಡು ಕೊಟ್ಟು ಕೊಂಡ ಫೋನ್ ಕಾರ್ಡಿನ ನಂಬರು ಒತ್ತಿ ಮಾಡಿದೆ, ಅಲ್ಲಿ ಆಗ ಸಂಜೆ. ಕಾರ್ಡಿನೊಳಗಿನ ಹೆಂಗಸು ನಿಮಗೆ ಇಷ್ಟು ನಿಮಿಷ ಉಳಿದಿದೆ ಎಂದು ಹೇಳಿದಳು.

"ರುದ್ರಣ್ಣ, ನಾನು ಜಯಮ್ಮ, ಅಮೆರಿಕದಿಂದ."

"ಓಹೋಹೋ, ಮೇಡಮ್ಮಾರಾ! ಅಮೆರಿಕದಿಂದ ನಮ್ಮಂಗ್ಡಿಗೆ! ಲೇ, ಆ ರೇಡಿಯೋ ಆರ್ಸ್ರೋ. ಹೆಂಗಿದೀರ್ರಿ? ಆ ಕಡಿಗೆ ಮಳೆ ಹೆಂಗೈತೆ?"

"ಮಳೆ ಹಾಳಾಗ್ಲಿ, ನಮ್ಮಣ್ಣನ್ನ ಕರೆಸ್ರಿ."

"ಮುದ್ದೆಗಿದ್ದೆ ಸಿಗ್ತಾವೇನ್ರಿ ಅಲ್ಲಿ?"

"ರುದ್ರಣ್ಣಾ!"

"ಚಿತ್ತಣ್ಣ ಎಲ್ಲಿದಾರ್ರಿ ಇಲ್ಲಿ? ಕುರಿ ಹೊಡ್ಕಂಡು ಹಿರಿಯೂರ್ ಕಡಿಗೆ ಹೋಗಿ ವಾರಾತು. ಯಾರ್ದೋ ಹೊಲ್ದಾಗೆ ಗೊಬ್ರಕ್ಕೆ ಮಂದೆ ನಿಲ್ಸಿದಾರಂತೆ."

"ತಲೇಲಿ ಗಡ್ಡೆ ಇಟ್ಕಂಡು ಕುರಿ ಕಾಯಾಕೆ ಹೋದ್ನಾ? ಯಾರೂ ತಡೀಲಿಲ್ವಾ?"

"ನೀವೇ ಒಂದ್ ತಿಂಗ್ಳು ತಡಿ ಅಂದಿದ್ರಂತಲ್ಲ ಮೇಡಂ. ಸುಮ್ನೆ ಕುಂತ್ಕಂಡು ಏನ್ ಮಾಡ್ಲಿ ಅಂದ್ರು."

ಕಾರ್ಡಿನ ಹೆಂಗಸು ನಡುವೆ ಬಾಯಿ ಹಾಕಿದಳು, ಲೈನು ಹೋಯಿತು. ಪಕ್ಕದಲ್ಲಿ ಮಾರ್ಗರೆಟ್ ಹೇಗಿದ್ದೀರಿ ಎಂದು ಕೇಳಿದರು. ಆ ದಿನ ನಾನು ಪೂರ್ತಿ ಉತ್ತರ ಕೊಟ್ಟೆ, ಅಳುತ್ತ, ಅರ್ಧ ಕನ್ನಡದಲ್ಲಿ. ಅವರು ಎಲ್ಲಿಗೂ ಹೋಗಲಿಲ್ಲ. ಕೂತು ಕೇಳಿದರು.

ಆಮೇಲೆ ಮಲ್ಲಿಕಾರ್ಜುನಪ್ಪನವರಿಗೆ ಹೇಳಲೇಬೇಕಾಯಿತು. ಹಲ್ಲುನೋವಿನ ಸುಳ್ಳಿನಿಂದ ಶುರುಮಾಡಿದೆ. ಅವರು ಬೈಯುತ್ತಾರೆಂದು ಕಾದಿದ್ದೆ, ಬೈದರು ಕೂಡ. "ಇಂಥ ಮಾತ್ನ ಹಿಂಗ್ ಮುಚ್ಚಿಟ್ಕಂತಾರೇನ್ರಿ? ದುರ್ಗದಾಗೇ ಹೇಳಿದ್ರೆ ನಾನೇ ನಿಂತು ಆಪ್ರೇಷನ್ ಮಾಡ್ಸಿ ಹತ್ತಿಸ್ಕಂಡ್ ಬರ್ತಿದ್ದೆ ನಿಮ್ಮನ್ನ." ಬೈದು ಮುಗಿಸಿ ಭೀಮಸಮುದ್ರಕ್ಕೆ ಫೋನ್ ಮಾಡಿದರು. ಅವರ ಅಡಿಕೆ ಮಂಡಿಯ ಜೀಪು ಹಿರಿಯೂರಿಗೆ ಹೊರಟಿತು. ಎಲ್ಲಿ ಹುಡುಕುವುದು ಎಂದರೆ ರುದ್ರಣ್ಣನೇ ದಾರಿ ಹೇಳಿದನಂತೆ: ಹಿರಿಯೂರು ದಾರಿಯಲ್ಲಿ ಸಿಕ್ಕ ಮೊದಲ ಕುರಿಯವನಿಗೆ ಚಿತ್ತಣ್ಣನ ಮಂದೆ ಎಲ್ಲಿ ಎಂದು ಕೇಳಿ, ಅವನು ಇನ್ನೊಬ್ಬನನ್ನು ತೋರಿಸುತ್ತಾನೆ. ನಾಲ್ಕನೆಯವನು ಕೈ ಮಾಡಿ ತೋರಿಸಿದ ಹೊಲದಲ್ಲಿ ಅಣ್ಣ ಬೇವಿನ ಮರದ ಕೆಳಗೆ ಮಲಗಿದ್ದ. ಎರಡು ದಿನದಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ನನ್ನ ಎದೆ ಹಗುರಾಯಿತು. ಹಗುರಾದದ್ದು ಒಂದೇ ದಿನ.

ಮತ್ತೆ ಮಾರ್ಗರೆಟ್ ಅವರ ಅಡುಗೆಮನೆ

ಆಪರೇಷನ್ ಆಗಬೇಕಿದ್ದ ದಿನ ಮಲ್ಲಿಕಾರ್ಜುನಪ್ಪ ಬೆಳಿಗ್ಗೆ ಆರಕ್ಕೇ ಬಂದು ಬಾಗಿಲು ಬಡಿದರು. "ಮೇಡಂ, ನಿಮ್ಮಣ್ಣ ಆಪ್ರೇಷನ್ನಿಗೆ ಹೆಬ್ಬೆಟ್ಟು ಒತ್ತಲ್ಲ ಅಂತಿದಾರಂತೆ. ಡಾಕ್ಟ್ರು ನಾಳೆಗಂಟ ಕಾಯ್ತೀವಿ, ಆಮ್ಯಾಲೆ ಮನೆಗೆ ಕರ್ಕಂಡ್ ಹೋಗ್ರಿ ಅಂದವ್ರಂತೆ." ಒಂದು ಚೀಟಿಯಲ್ಲಿ ಆಸ್ಪತ್ರೆ ಎದುರಿನ ಎಸ್‌ಟಿಡಿ ಬೂತಿನ ನಂಬರು ಇತ್ತು.

ಮೊದಲು ಅತ್ತಿಗೆ ಕರಿಯಮ್ಮ ಸಿಕ್ಕಳು. "ನಾನು ಹೇಳಿ ಸಾಕಾತು ತಾಯಿ. ನೀನೇ ಕೇಳು" ಎಂದು ಫೋನು ಅವನಿಗೆ ಕೊಟ್ಟಳು.

"ಅಣ್ಣ, ಯಾಕೆ ಹೆಬ್ಬೆಟ್ಟು ಒತ್ತಲ್ಲ ಅಂತೀಯ? ಹೆದ್ರಿಕೆನಾ?"

"ಹೆದ್ರಿಕೆ ಐತೆ, ಇಲ್ಲ ಅನ್ನಲ್ಲ. ಆದ್ರೆ ಅದಕ್ಕಲ್ಲ." ಅವನ ಮಾತು ಒಂದಿಷ್ಟು ತೊದಲುತ್ತಿತ್ತು. "ನನ್ ಹೆಬ್ಬೆಟ್ಟು ನಿನ್ ಹತ್ರ ಐತೆ. ಒಂದೇ ತಲೆಗೆ ಎಲ್ಡು ಕಡೆ ಹೆಂಗ್ ಒತ್ತಾದು? ಮಾತು ಕೊಟ್ಟೀನಲ್ಲ."

"ಅಯ್ಯೋ ದೇವ್ರೇ! ಅಲ್ಲಿ ಇಲಿಗೆ ಮಾತ್ರ ಕೊಡ್ತಾರೆ ಅಣ್ಣ. ಮನುಷ್ಯರಿಗೆ ಇಲ್ಲ. ನಂದೇ ತಪ್ಪು. ಹಾಳೆ ಹರಿದು ಹಾಕ್ತೀನಿ, ನೀನು ಅಲ್ಲಿ ಒತ್ತು."

"ಹರಿ ಮತ್ತೆ. ಕೇಳಿಸ್ಕಂತೀನಿ."

ಕಣ್ಣೆದುರು ಹರಿಯಬೇಕಾದ್ದನ್ನು ಕಿವಿಗಾದರೂ ಕೇಳಿಸಬೇಕು ಎಂದು ಅವನ ಲೆಕ್ಕ. ನಾನು ಲಕೋಟೆ ತಂದೆ. ಫೋನನ್ನು ಭುಜಕ್ಕೆ ಒತ್ತಿಕೊಂಡು, ಹಾಳೆಯನ್ನು ಅದರ ಬಾಯಿಯ ಹತ್ತಿರ ಹಿಡಿದು ಹರಿದೆ. ಮಾರ್ಗರೆಟ್ ಕೈಯಲ್ಲಿ ಕೆಟಲು ಹಿಡಿದು ನಿಂತಲ್ಲೇ ನಿಂತರು. ಮಲ್ಲಿಕಾರ್ಜುನಪ್ಪ ಗೋಡೆ ಕಡೆ ತಿರುಗಿಕೊಂಡರು.

"ಒಂದು" ಎಂದ ಅಣ್ಣ. ಕುರಿಗಳನ್ನು ರೊಪ್ಪದೊಳಗೆ ಬಿಡುವಾಗ ಎಣಿಸುವ ದನಿ. "ಎಲ್ಡು. ಮೂರು. ನಾಕು."

ಐದನೆಯದನ್ನು ನಾನು ಮಡಚಿ ಮೇಜಿನ ಮೇಲಿಟ್ಟೆ.

"ಇನ್ನೊಂದೈತೆ" ಎಂದ.

"ಅದೊಂದಿರ್ಲಿ ಅಣ್ಣ."

"ಯಾಕೆ?"

"ಅದ್ರಾಗೆ ಆ ಡಾಕ್ಟ್ರಿಗೆ ಅರ್ಜಿ ಬರ್ದಿದೀನಿ, ನಿನ್ ಹೆಸ್ರಲ್ಲಿ."

"ತಗಂಡ್ರಾ?"

"ಇಲ್ಲ."

"ಮತ್ತೆ?"

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಫೋನಿನಲ್ಲಿ ಕಿರುಚಿದೆ. ಎಷ್ಟು ಹಟ ನಿಂದು, ಒಂದು ಹಾಳೆಗೆ ಜೀವ ಕಳ್ಕಂತೀಯಾ, ಇವತ್ತಲ್ಲ ನಾಳೆ ಅವರು ಶುರು ಮಾಡಿಯೇ ಮಾಡ್ತಾರೆ, ಆಗ ತೋರಿಸೋಕೆ ಬೇಕು, ಅದೊಂದು ಕೈಯಲ್ಲಿದ್ದರೆ ನಿನಗೆ ಇನ್ನೊಂದು ದಾರಿ ಐತೆ ಅಂತ ನನಗೆ ಅನಿಸ್ತದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅತ್ತ ಕಡೆ ಬೂತಿನವನು, ಯಜಮಾನ್ರೇ ಜನ ಕಾಯ್ತಿದಾರೆ, ಎನ್ನುವುದು ಕೇಳಿಸಿತು.

ನಾನು ಉಸಿರು ತೆಗೆದುಕೊಳ್ಳುವವರೆಗೆ ಅಣ್ಣ ಕಾದ.

"ನನಗೂ ಹಂಗೇ ಅನಿಸ್ತೈತೆ ಕಣೇ. ಇನ್ನೊಂದ್ ದಾರಿ ಐತೆ ಅಂತ. ಅದಕ್ಕೇ ಹರಿ ಅನ್ನಾದು. ಅದು ಇರಗಂಟ ನನ್ ಕೈ ಇಲ್ಲಿ ಏಳಲ್ಲ."

ಹರಿದೆ. ನಡುವೆ ಮಾನ್ಯರೇ ಎನ್ನುವ ಪದ ಎರಡು ಹೋಳಾಯಿತು.

"ಐದು" ಎಂದ ಅಣ್ಣ. "ಆತು. ಇಡು ಫೋನು, ಕಾಸು ಓಡ್ತೈತೆ."

ಬೆಂಗಳೂರು, ವಾಪಸು

ಆಪರೇಷನ್ ಆಯಿತು, ಕರೆಂಟೂ ಆಯಿತು. ಅಣ್ಣ ಆಮೇಲೆ ಎರಡು ವರ್ಷ ಚಿಲ್ಲರೆ ಇದ್ದ, ಅದರಲ್ಲಿ ಒಂದು ವರ್ಷ ಕುರಿಯ ಹಿಂದೆಯೇ ಇದ್ದ. ಡಾಕ್ಟರು ತೆಗೆಯಲಾಗದೆ ಉಳಿದ, ದಾರಿ ತಪ್ಪಿ ಹೋದ ಯಾವುದೋ ಒಂದು ಕೋಶ ಮತ್ತೆ ಬೆಳೆಯಿತು. ಅದನ್ನು ಹುಡುಕಿಕೊಂಡು ಹೋಗುವ ನೀಲಿ ಆಗಿನ್ನೂ ಇಲಿಗಳನ್ನು ದಾಟಿ ಬಂದಿರಲಿಲ್ಲ. ಇದಕ್ಕೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಆ ಮೂರು ವಾರದ ತಡ ಎಷ್ಟು ತಿಂದಿತೋ ಅದೂ ಗೊತ್ತಿಲ್ಲ. ಡಾಕ್ಟರನ್ನು ಕೇಳಿದೆ, ಹಾಗೆ ಹೇಳಲಾಗುವುದಿಲ್ಲ ಎಂದರು.

ಅದೆಲ್ಲ ಆಮೇಲಿನ ಮಾತು. ಆ ದಿನ ವಿಮಾನ ಇಳಿದವಳು ಪೆಟ್ಟಿಗೆ ಸಮೇತ ಆಸ್ಪತ್ರೆಗೇ ಹೋದೆ. ಅಣ್ಣ ತಲೆಗೆ ಬಿಳಿ ಪಟ್ಟಿ ಸುತ್ತಿಕೊಂಡು ದಿಂಬಿಗೆ ಒರಗಿದ್ದ. ಕಂಬಳಿ ತೆಗೆದು ಹೊದಿಸಿದೆ. ಅಮೆರಿಕ ಹೇಗಿತ್ತು ಎಂದು ಅವನು ಕೇಳಲಿಲ್ಲ.

"ಆ ಇಲಿಗೆ ವಾಸಿ ಆತಾ?"

"ಕೆಲವಕ್ಕೆ ಆಯ್ತಂತೆ."

"ಸದ್ಯ." ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡು, "ಹಾಳೆ ನಿಜವಾಗ್ಲೂ ಹರಿದ್ಯೋ, ಯಾವ್ದೋ ಪೇಪರ್ ಹರಿದು ಕೇಳಿಸ್ದ್ಯೋ?" ಎಂದ.

ನನಗೆ ರೇಗಿಹೋಯಿತು. ಅಷ್ಟು ದೂರದಿಂದ ಹೊತ್ತು ತಂದಿದ್ದ ಚೂರುಗಳನ್ನು ಅವನ ತೊಡೆಯ ಮೇಲೆ ಸುರಿದೆ. ಅವನು ಎಡಗೈಯಿಂದ ಒಂದೊಂದೇ ಹೆಬ್ಬೆಟ್ಟು ಹುಡುಕಿ ಎಣಿಸಿದ. ಐದಾದ ಮೇಲೆ, ಅಕ್ಷರ ತುಂಬಿದ ಎರಡು ಚೂರುಗಳನ್ನು ಜೋಡಿಸಿ ನನ್ನ ಮುಂದೆ ಹಿಡಿದ.

"ಇದೇನಾ ಅರ್ಜಿ? ಓದು."

ಪೂರ್ತಿ ಓದಿದೆ, ಇಂಗ್ಲಿಷಿನಲ್ಲೇ, ತಮ್ಮ ವಿಶ್ವಾಸಿಯವರೆಗೂ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

"ನಂಗೊಂದೂ ತಿಳೀಲಿಲ್ಲ" ಎಂದ. "ಇದಕ್ಕೇ ಅಲ್ವಾ ನಿನ್ನ ಓದ್ಸಿದ್ದು. ಇನ್ನೊಂದ್ ಸಲ ಓದು."

ಓದಿದೆ.